ಕಲಬುರಗಿ ಮಾಳಿಗೆಯಿಂದ ಟಿಒಐ 700 ಡಿ ಕಾಣುತ್ತದೆಯೇ?

ಟಿಒಐ 700 ಡಿ ಎಂಬುದು ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹ; 2020ರ ಜನವರಿಯಲ್ಲಿ ಹೊನೊಲುಲು ಖಗೋಳ ಸಮ್ಮೇಳನದಲ್ಲಿ ಪ್ರಕಟವಾಯಿತು. ಅದರ ಕುರಿತ ಲೇಖನವೊಂದನ್ನು ಓದಿದ ಒಬ್ಬರು, ಅದನ್ನು ಇಲ್ಲಿಂದ ಅಳೆಯಬಹುದೇ ಎಂದು ಕೇಳಿದ್ದಾರೆ. ಆಗುವುದಿಲ್ಲ. ಕಲಬುರಗಿ 17.3 ಡಿಗ್ರಿ ಉತ್ತರದಲ್ಲಿದೆ, ಆ ನಕ್ಷತ್ರ ಆಕಾಶದಲ್ಲಿ ಸುಮಾರು 65.6 ಡಿಗ್ರಿ ದಕ್ಷಿಣದಲ್ಲಿ. ಅತಿ ಹೆಚ್ಚೆಂದರೆ ದಿಗಂತದಿಂದ 7 ಡಿಗ್ರಿ ಮೇಲೇರುತ್ತದೆ, ಅದೂ ದೂಳಿನ ಪದರದೊಳಗೆ. ಗ್ರಹ ನಕ್ಷತ್ರದ ಮುಂದೆ ಹಾದುಹೋಗುವಾಗ (ಇದೇ ಸಂಕ್ರಮಣ) ನಕ್ಷತ್ರದ ಬೆಳಕು ಕುಗ್ಗುವುದು ಬರೀ 0.06%.

ಆ ಲೇಖನ ಬಿಟ್ಟಿರುವ ಮುಖ್ಯ ಸಂಗತಿ: ಮೊದಲು ನಕ್ಷತ್ರಗಳ ಪಟ್ಟಿಯಲ್ಲಿ ಈ ನಕ್ಷತ್ರ ಸೂರ್ಯನಂಥದ್ದೆಂದು ತಪ್ಪಾಗಿ ದಾಖಲಾಗಿತ್ತು. ಬೆಳಕಿನ ಕುಸಿತ ಕೊಡುವುದು ಗ್ರಹ–ನಕ್ಷತ್ರಗಳ ತ್ರಿಜ್ಯಗಳ ಅನುಪಾತವನ್ನಷ್ಟೇ. ನಕ್ಷತ್ರ ದೊಡ್ಡದೆಂದುಕೊಂಡರೆ ಗ್ರಹವೂ ದೊಡ್ಡದಾಗಿ, ಬಿಸಿಯಾಗಿ ತೋರುತ್ತದೆ. ಅದನ್ನು ಸರಿಪಡಿಸಿದವರಲ್ಲಿ ಒಬ್ಬ ಹೈಸ್ಕೂಲ್ ವಿದ್ಯಾರ್ಥಿಯೂ ಇದ್ದ ಎಂಬುದು ನಮ್ಮ ಮಕ್ಕಳಿಗೆ ಹೇಳಲೇಬೇಕಾದ ಮಾತು.

ಇಲ್ಲಿಂದ ಹಿಡಿಯಬೇಕಾದದ್ದು ಎಚ್‌ಡಿ 189733 ಬಿ ಎಂಬ ಇನ್ನೊಂದು ಗ್ರಹದ ಸಂಕ್ರಮಣ. ಅದರ ನಕ್ಷತ್ರ ಆಕಾಶದಲ್ಲಿ ಡಂಬೆಲ್ ನೀಹಾರಿಕೆಯ (ಅನಿಲದ ಮೋಡ) ಪಕ್ಕದಲ್ಲೇ ಇದೆ, ಬೆಳಕಿನ ಕುಸಿತ ಸುಮಾರು 2.4%, ಸಂಕ್ರಮಣದ ಅವಧಿ ಎರಡು ಗಂಟೆಗೆ ತುಸು ಕಡಿಮೆ. ಮಳೆ ಹೋದ ಮೇಲೆ ಅಕ್ಟೋಬರ್ ಸಂಜೆ ನೆತ್ತಿಯ ಹತ್ತಿರವೇ ಸಿಗುತ್ತದೆ. ಡಿಎಸ್‌ಎಲ್‌ಆರ್, 200 ಮಿಮೀ ಲೆನ್ಸ್, ನಕ್ಷತ್ರವನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಮೌಂಟ್ ಸಾಕು. ಫೋಕಸ್ ತುಸು ಮಸುಕು ಮಾಡಿ, ಇಲ್ಲವಾದರೆ ನಡುವಿನ ಪಿಕ್ಸೆಲ್ ತುಂಬಿ ಅಳತೆ ಕೆಡುತ್ತದೆ. ರಾ ಫೈಲ್ ಮಾತ್ರ, ಜೆಪೆಗ್ ಬೇಡ. ಸಂಕ್ರಮಣಕ್ಕೆ 45 ನಿಮಿಷ ಮೊದಲೇ ಶುರು ಮಾಡಿ, ಮುಗಿದ ಮೇಲೂ ಅಷ್ಟೇ ಹೊತ್ತು ತೆಗೆಯಿರಿ. ಬೆಳಕಿನ ನಕ್ಷೆಯಲ್ಲಿ ಕುಸಿತದ ಎರಡೂ ಬದಿಯ ಸಮತಟ್ಟು ರೇಖೆ ಇಲ್ಲದೆ ಕುಸಿತ ಎಷ್ಟೆಂದು ಅಳೆಯಲಾಗದು.