ಪಾದದ ಅಳತೆಯೇ ಬೂಟಿನ ಅಳತೆಯಲ್ಲ

‘ಪಾದವನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಸಾಕು, ತಕ್ಕ ಬೂಟನ್ನು ಕಂಪ್ಯೂಟರೇ ರೂಪಿಸುತ್ತದೆ’ ಎಂದು ಲೇಖನವೊಂದರಲ್ಲಿ ಬಂದ ಮಾತನ್ನು ನಾನು ಒಪ್ಪುವುದಿಲ್ಲ. ಬೂಟು ರೂಪುಗೊಳ್ಳುವುದು ಪಾದದ ಯಥಾಪ್ರತಿಯ ಮೇಲಲ್ಲ, ಅಚ್ಚಿನ ಮೇಲೆ, ಅಂದರೆ ಬೂಟಿಗೆ ಆಕಾರ ಕೊಡುವ ಪಾದದಾಕಾರದ ಗಟ್ಟಿ ಮಾದರಿಯ ಮೇಲೆ; ಬೆರಳುಗಳ ಮುಂದೆ ಸುಮಾರು 10 ಮಿ.ಮೀ. ಜಾಗ, ಹಿಮ್ಮಡಿಯ ಎತ್ತರ, ಮುಂತುದಿ ನೆಲದಿಂದ ಮೇಲೇಳುವ ಏರು ಇವನ್ನೆಲ್ಲ ಕಂಪ್ಯೂಟರ್ ತೆರೆಯ ಮೇಲೆ ನಿರ್ಧರಿಸಬೇಕಾದವರು ನುರಿತ ವಿನ್ಯಾಸಕಾರರು. ಕುಳಿತಾಗಿನ ಪಾದ ಭಾರ ಹೊತ್ತು ನಿಂತಾಗ ಹಿಗ್ಗುತ್ತದೆ, ಸಂಜೆಗೆ ಇನ್ನಷ್ಟು ಊದುತ್ತದೆ. ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಜಿಗಣೆಗೆ ಹೆದರಿ ದಪ್ಪ ಕಾಲುಚೀಲದ ಮೇಲೆ ರಬ್ಬರ್ ಬೂಟು ತೊಟ್ಟು ಮಳೆಗಾಲವಿಡೀ ಇಳಿಜಾರಿನಲ್ಲಿ ದುಡಿಯುವವರ ಹೆಬ್ಬೆರಳಿನ ಉಗುರು ಕಪ್ಪುಗಟ್ಟಿರುವುದನ್ನು ಪ್ರತಿ ವರ್ಷವೂ ನೋಡುತ್ತೇನೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೂಟಿನ ತುದಿಗೆ ಒತ್ತುತ್ತದೆ. ಅಂಥವರ ಅಳತೆಯನ್ನು ಕೆಲಸ ಮುಗಿದ ಮೇಲೆ, ಅದೇ ಕಾಲುಚೀಲ ತೊಡಿಸಿ, ನಿಲ್ಲಿಸಿಯೇ ತೆಗೆದುಕೊಳ್ಳಬೇಕು.