ಹಾಡಿಯ ಹೆಣ್ಣುಮಕ್ಕಳು ಬರುವುದಿಲ್ಲ ಅನ್ನುವ ಮುಂಚೆ

ಹಾಡಿಗಳಲ್ಲಿ, ಅಂದರೆ ಗಿರಿಜನರ ಊರುಗಳಲ್ಲಿ ಇರುವ ಹೆಣ್ಣುಮಕ್ಕಳ ಆರೋಗ್ಯದ ಬಗ್ಗೆ ನೀವು ಬರೆದ ಲೇಖನದಲ್ಲಿ, ಅವರು 'ತಿಳಿವಳಿಕೆ ಇಲ್ಲದೆ' ಆಸ್ಪತ್ರೆಗೆ ಬರುವುದಿಲ್ಲ ಅಂದಿದ್ದೀರಿ. ಇದು ಅರ್ಧ ಸತ್ಯ ಕೂಡ ಅಲ್ಲ. ನಾಗರಹೊಳೆ ಕಡೆ ಜೇನುಕುರುಬರನ್ನು ಕಾಡಿನಿಂದ ಹೊರಗೆ ಹಾಕಿದ ಮೇಲೆ ಎಷ್ಟೋ ಹೆಂಗಸರು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಕಟ್ಟಿದ ಲೈನ್ ಮನೆ ಸೇರಿದರು. ಅಲ್ಲಿ ದಿನಗೂಲಿ. ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಗೆಡ್ಡೆ, ಗೆಣಸು, ಜೇನು, ಸೊಪ್ಪು ತಿಂದು ಬೆಳೆದವರ ತಟ್ಟೆಯಲ್ಲಿ ಈಗ ಜಾಸ್ತಿ ಇರುವುದು ರೇಷನ್ ಅಕ್ಕಿ. ಮೈಯಲ್ಲಿ ರಕ್ತ ಎಲ್ಲಿಂದ ಬರಬೇಕು ಹೇಳಿ?

ಇನ್ನೊಂದು, ಸಿಕಲ್ ಸೆಲ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಗಿರಿಜನರಲ್ಲಿ ಹೆಚ್ಚಾಗಿ ಕಾಣುವ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇದು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಇದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಕಾಯಿಲೆ ಇರುವ ಬಸುರಿಗೆ ಅಪಾಯ ಜಾಸ್ತಿ. ಪರೀಕ್ಷೆಯನ್ನೇ ಮಾಡದೆ ರಕ್ತ ಕಮ್ಮಿ ಅಂತ ಸುಮ್ನೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಏನು ಪ್ರಯೋಜನ? 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೇ ಒಂದು ಮಿಷನ್ ಶುರು ಮಾಡಿದೆ, 2047ರೊಳಗೆ ಈ ಕಾಯಿಲೆ ಇಲ್ಲದಂತೆ ಮಾಡುವ ಗುರಿ ಇಟ್ಟುಕೊಂಡು. ಪರೀಕ್ಷೆ ಮಾಡಿ ಫಲಿತಾಂಶ ಬರೆದ ಕಾರ್ಡ್ ಕೊಡುವುದು ಸರಿ, ಆದರೆ ಕಾರ್ಡ್ ನೋಡಿ ಹುಡುಗಿಯದೇ ದೋಷ ಅಂತ ಮದುವೆ ಮುರಿದರೆ ಅವಳ ಪರ ಮಾತಾಡುವವರು ಯಾರು?

ಹಕ್ಕಿನ ವಿಷಯಕ್ಕೆ ಬಂದರೆ, 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಮದುವೆಯಾದವರ ಅರಣ್ಯ ಜಮೀನಿನ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಮುಂದಿನ ಸಲ ಹಾಡಿಗೆ ಹೋದಾಗ ಆ ಪತ್ರ ಯಾರ ಯಾರ ಹೆಸರಲ್ಲಿದೆ ಅಂತಲೂ ಕೇಳಿ ಬರೆಯಿರಿ, ಓದುತ್ತೇವೆ.