ಆ ಕಲ್ಲು ಎಲ್ಲಿ ಸಿಕ್ಕಿತು ಮಾರಾಯ್ರೇ?

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಮೇಲೆ ಒಂದು ಅಮೋನೈಟ್ ಇದೆ. ಎಂದೋ ಅಳಿದುಹೋದ ಸಮುದ್ರಜೀವಿಯೊಂದರ ಚಿಪ್ಪು ಕಲ್ಲಾಗಿ ಉಳಿದ ಫಾಸಿಲ್, ಅಂದರೆ ಪಳೆಯುಳಿಕೆ. ಅಂಗೈಯಗಲ. ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದೆ, ಒಂದು ಬದಿ ಮುರಿದಿದೆ. ಮೊದಲ ಫಾಸಿಲ್ ಟ್ರಿಪ್ಪಿನಲ್ಲಿ ಸಿಕ್ಕಿದ್ದು. ಮನೆಗೆ ಬಂದವರಿಗೆಲ್ಲ "ಹತ್ತು ಕೋಟಿ ವರ್ಷದ್ದು" ಅಂತ ತೋರಿಸಿ ಬೀಗುತ್ತಿದ್ದೆ.

ಒಂದು ದಿನ ಜಿಯಾಲಜಿ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರೊಬ್ಬರು ಬಂದರು. ಕಲ್ಲನ್ನು ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿ ಸಿಕ್ತು?"

"ಕಾರೈ ಹತ್ರ ಸರ್."

"ಕಾರೈ ಅಂದ್ರೆ ಎಲ್ಲಿ? ಹಳ್ಳದ ತಳದಲ್ಲೋ, ದಿಬ್ಬದ ಮೇಲೋ? ಯಾವ ಪದರ?"

ನಾನು ಬಾಯಿ ಬಿಡಲಿಲ್ಲ. ಅವತ್ತು ನಾಲ್ಕು ಕಡೆ ಇಳಿದಿದ್ದೆವು. ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ್ದೆ. ಮೇಷ್ಟ್ರು ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟು, "ಚೆನ್ನಾಗಿದೆ, ಪೇಪರ್ ಹಾರದ ಹಾಗೆ ಇಡೋಕಾಗುತ್ತೆ" ಅಂದರು. ಕಾಫಿ ಕುಡಿದು ಹೋದರು. ನನಗೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ.

ಕಾರೈ ಗೊತ್ತಿಲ್ಲದವರಿಗೆ: ಇದು ತಮಿಳುನಾಡಿನ ಪೆರಂಬಲೂರು ಜಿಲ್ಲೆಯಲ್ಲಿದೆ. ಬೆಂಗಳೂರಿನಿಂದ ಸೇಲಂ, ಆತ್ತೂರು ಮೇಲೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರ ಯಾಕೆ ಅಂತ ಕೇಳಬಹುದು. ನಮ್ಮ ಕಾಲ ಕೆಳಗಿರುವ ಕಲ್ಲು ತುಂಬಾ ಮುದುಕ, ಅದಕ್ಕೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡಿದ್ದೇ ಈಚೆಗೆ ಸುಮಾರು 54 ಕೋಟಿ ವರ್ಷದಿಂದ. ಅಲ್ಲಿ ಅಮೋನೈಟ್ ಹುಡುಕುವುದು ಅಂದರೆ ಮುತ್ತಜ್ಜನ ಮದುವೆ ಫೋಟೋದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ. ಕಾರೈ ಮಾತ್ರ ಡೈನೋಸಾರ್‌ಗಳಿದ್ದ ಕ್ರಿಟೇಶಿಯಸ್ ಕಾಲದಲ್ಲಿ ಸಮುದ್ರದ ತಳ. ಈಗ ಒಂದು ಮರದ ನೆರಳೂ ಸಿಗದ, ಕೆಂಪು ಹಳದಿ ಮಣ್ಣಿನ ಕೊರಕಲು. ಎಲ್ಲೆಲ್ಲೂ ಜಿಪ್ಸಮ್ ಹಾಳೆಗಳು, ಬಿಸಿಲಿಗೆ ಒಡೆದ ಗಾಜಿನ ಹಾಗೆ ಮಿಂಚುತ್ತವೆ. ಅದರ ನಡುವೆ ಬಂದೂಕಿನ ಗುಂಡಿನಂಥ ಬೆಲೆಮ್ನೈಟ್‌ಗಳು. ಸ್ಕ್ವಿಡ್‌ನಂಥ (ಬೊಂಡಾಸ್) ಪ್ರಾಣಿಯ ಮೈಯೊಳಗಿದ್ದ ಗಟ್ಟಿ ಭಾಗ ಅದು. ಮೊದಲ ಅರ್ಧ ಗಂಟೆ ಏನೂ ಕಾಣುವುದಿಲ್ಲ. ಪಕ್ಕದಲ್ಲಿ ಕೂತ ಹತ್ತು ವರ್ಷದ ಹುಡುಗಿ "ಅಂಕಲ್, ನಿಮ್ಮ ಚಪ್ಪಲಿ ಕೆಳಗೆ" ಅಂದ ಮೇಲೆ ಕಣ್ಣು ತೆರೆಯುತ್ತದೆ. ಗುಂಪಿನಲ್ಲಿ ಹೋಗುವ ಸುಖ ಇದೇ. ಇಪ್ಪತ್ತು ಜೊತೆ ಕಣ್ಣು ಒಂದೇ ಇಳಿಜಾರನ್ನು ನೋಡುತ್ತವೆ.

ಗುಂಪಿನ ಕೇಡೂ ಅಲ್ಲೇ ಇದೆ. ಹತ್ತು ಗಂಟೆಗೆ ಶುರುವಾಗುವುದು ಕುತೂಹಲ, ಹನ್ನೊಂದಕ್ಕೆ ಅದು ಪೈಪೋಟಿ. ಒಬ್ಬರಿಗೆ ಇಡೀ ಅಮೋನೈಟ್ ಸಿಕ್ಕರೆ ಮುಗಿಯಿತು, ಎಲ್ಲರ ಕೈಗೂ ಸುತ್ತಿಗೆ. ಸಂಜೆ ವಾಟ್ಸಾಪಿನಲ್ಲಿ ಟವೆಲ್ ಮೇಲೆ ಸಾಲಾಗಿ ಜೋಡಿಸಿದ ಕಲ್ಲುಗಳ ಫೋಟೋ. ಐವತ್ತು ಕಲ್ಲು, ಎಲ್ಲಿ ಸಿಕ್ಕಿತು ಅಂತ ಬರೆದ ಒಂದು ಚೀಟಿ ಇಲ್ಲ. ಕಳೆದ ವರ್ಷ ಒಂದು ಗುಂಪಿನವರು ಎರಡು ಬಸ್ಸಿನಲ್ಲಿ ಜನರನ್ನು ತಂದು ಇಳಿಸಿದ್ದನ್ನು ನೋಡಿದೆ. ಹೆಸರು ಬೇಡ. ಜಾತ್ರೆ ಮುಗಿದ ಮಾರನೇ ದಿನದ ಮೈದಾನದ ಹಾಗಾಗಿತ್ತು ಆ ದಿಬ್ಬ.

ಹಾಗಂತ ಹವ್ಯಾಸಿಗಳು ಹೋಗಲೇಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಪಕ್ಕದ ಅರಿಯಲೂರಿನಲ್ಲಿ ಅದೇ ಸಮುದ್ರದ ಸುಣ್ಣದಕಲ್ಲು, ಸಿಂಪಿ ಚಿಪ್ಪುಗಳ ಸಮೇತ, ಲಾರಿಗಟ್ಟಲೆ ಸಿಮೆಂಟ್ ಫ್ಯಾಕ್ಟರಿಗೆ ಹೋಗುತ್ತದೆ. ಕಾರೈನಲ್ಲಿ ಮಳೆ ಬಿದ್ದರೆ ಮಣ್ಣು ಕೊಚ್ಚಿ ಹೊಸ ಫಾಸಿಲ್ ಮೇಲೆ ಬರುತ್ತದೆ, ಯಾರೂ ನೋಡದಿದ್ದರೆ ಪುಡಿಯಾಗಿ ಹಳ್ಳ ಸೇರುತ್ತದೆ. ಅಷ್ಟೇ ಅಲ್ಲ, ಈ ಸೀಮೆಯ ಫಾಸಿಲ್‌ಗಳನ್ನು ಹೊರಜಗತ್ತಿಗೆ ಮೊದಲು ತೋರಿಸಿದವರೇ ಹವ್ಯಾಸಿಗಳು. 1840ರ ದಶಕದಲ್ಲಿ ಕೇ ಮತ್ತು ಕನ್‌ಲಿಫ್ ಅಂತ ಇಬ್ಬರು ಮದ್ರಾಸ್ ಸರ್ಕಾರದ ಅಧಿಕಾರಿಗಳು ಸುತ್ತಾಡಿ ಆರಿಸಿದರು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಅನ್ನುವ ವಿಜ್ಞಾನಿ ಅವುಗಳ ಬಗ್ಗೆ ಲಂಡನ್ನಿನಲ್ಲಿ ವರದಿ ಬರೆದ. ಅವನಿಗೆ ಬರೆಯಲು ಆಗಿದ್ದು ಯಾಕೆ ಗೊತ್ತಾ? ಪಾಂಡಿಚೇರಿಯದು ಯಾವುದು, ವೃದ್ಧಾಚಲದ್ದು ಯಾವುದು, ತಿರುಚಿನಾಪಳ್ಳಿಯದು ಯಾವುದು ಅಂತ ಜಾಗ ಗೊತ್ತಿತ್ತು. ನನ್ನ ಹಾಗೆ ಎಲ್ಲ ಒಂದೇ ಚೀಲಕ್ಕೆ ತುಂಬಿರಲಿಲ್ಲ.

ಇನ್ನೊಂದು ಕಥೆ ಅರಿಯಲೂರು ಕಡೆಯ ಕಲ್ಲಮೇಡಿನದು. 1987ರಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಅನ್ನುವ ಇಬ್ಬರು ಭೂವಿಜ್ಞಾನಿಗಳು ಒಂದು ಭಾರೀ ಡೈನೋಸಾರ್‌ಗೆ ಬೃಹತ್ಕಾಯೋಸಾರಸ್ ಅಂತ ಹೆಸರಿಟ್ಟರು. ಆ ಮೂಳೆಗಳು ಆಮೇಲೆ ಪುಡಿಪುಡಿಯಾಗಿ ಹೋದವು. ಈಗ ಅದು ನಿಜಕ್ಕೂ ಎಷ್ಟು ದೊಡ್ಡದಿತ್ತು ಅಂತ ಜಗಳ ಆಡುವವರ ಕೈಯಲ್ಲಿರುವುದು ಆಗಿನ ಬರಹ, ಚಿತ್ರ, ಹಳೇ ಫೋಟೋ ಮಾತ್ರ. ಮೂಳೆ ಹೋಯಿತು, ಕಾಗದ ಉಳಿಯಿತು.

ಮೇಷ್ಟ್ರ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ ಅಂತ ಆಮೇಲೆ ಅರ್ಥವಾಯಿತು. ಕಾರೈನ ಕೆಳಗಿನ ಪದರಕ್ಕೂ ಮೇಲಿನ ಪದರಕ್ಕೂ ಒಂದು ಕೋಟಿ ವರ್ಷಕ್ಕಿಂತ ಜಾಸ್ತಿ ಅಂತರ ಇದೆ. ಹಳ್ಳದ ತಳದಲ್ಲಿ ಸಿಕ್ಕಿದ್ದು ಮೇಲಿನ ಯಾವ ಪದರದಿಂದಾದರೂ ಉರುಳಿರಬಹುದು. ಅವರು ಕಲಿಸಿದ ಉಪಾಯ ಹೀಗೆ: ಚೂರು ಸಿಕ್ಕ ಜಾಗದಿಂದ ಇಳಿಜಾರು ಹಿಡಿದು ಮೇಲಕ್ಕೆ ಹೋಗಿ. ಚೂರುಗಳು ಎಲ್ಲಿ ಸಿಗುವುದು ನಿಲ್ಲುತ್ತದೋ, ಅದರ ಅಂಚಿನಲ್ಲೇ ಅದರ ಮನೆ. ಅದಕ್ಕೆ ಅರ್ಧ ದಿನ ಬೇಕಾಗಬಹುದು. ಚೀಲ ಖಾಲಿ ಇರಬಹುದು. ನಿಜ ಹೇಳಬೇಕೆಂದರೆ ಹಾಗೆ ಕಳೆದ ದಿನಗಳೇ ನನಗೆ ನೆನಪಿರುವುದು.

ಇಂಗ್ಲೆಂಡಿನ ಚಾರ್ಮತ್ ಕಡಲ ತೀರದಲ್ಲಿ ಹವ್ಯಾಸಿಗಳಿಗೆ ಒಂದು ಒಪ್ಪಂದ ಇದೆ. ದಂಡೆಯಲ್ಲಿ ಬಿದ್ದಿದ್ದನ್ನು ಆರಿಸಿಕೋ, ಬಂಡೆಗೆ ಕೈ ಹಾಕಬೇಡ, ಮುಖ್ಯವಾದದ್ದು ಸಿಕ್ಕರೆ ಬಂದು ಬರೆಸು. ನಮ್ಮಲ್ಲಿ 2022ರಲ್ಲಿ ಇಂಥ ಜಾಗಗಳ ರಕ್ಷಣೆಗೆ ಒಂದು ಮಸೂದೆಯ ಕರಡು ಬಂತು. ನನ್ನ ಭಯ ಏನಂದರೆ, ಕಾನೂನು ಬಂದಾಗ "ಯಾರೂ ಮುಟ್ಟಬೇಡಿ" ಅಂತ ಬೋರ್ಡ್ ಹಾಕಿ ಕೈ ತೊಳೆದುಕೊಂಡುಬಿಟ್ಟರೆ? ಅದೇ ಪೆರಂಬಲೂರು ಜಿಲ್ಲೆಯ ಸಾತ್ತನೂರಿನ ಹದಿನೆಂಟು ಮೀಟರ್ ಕಲ್ಲಾದ ಮರಕ್ಕೆ ಬೇಲಿ ಬೇಕೇ ಬೇಕು, ಅದು ಒಂದೇ ಇರುವುದು. ಕಾರೈನ ಕೊರಕಲಿಗೆ ಬೇಕಾಗಿರುವುದು ಬರೆದುಕೊಳ್ಳುವ ಜನ.

ಅಂದ ಹಾಗೆ, ಆ ಅಮೋನೈಟ್ ಕಂಡು ಅಮ್ಮ ಅದನ್ನು ದೇವರ ಮನೆಗೆ ಒಯ್ದಿದ್ದರು. ತಪ್ಪೇನಿಲ್ಲ, ಸಾಲಿಗ್ರಾಮವೂ ಅಮೋನೈಟೇ. ನಾನು ವಾಪಸ್ ತರಲು ಹೋದಾಗ ಅವರ ಸಾಲಿಗ್ರಾಮ ತೋರಿಸಿ, "ಇದು ಗಂಡಕೀ ನದಿಯದ್ದು. ನಿಂದು ಎಲ್ಲೀದೋ?" ಅಂದರು. ಅವರಿಗೂ ಅದೇ ಪ್ರಶ್ನೆ!

ಜನವರಿಯಲ್ಲಿ ಮತ್ತೆ ಹೊರಡುತ್ತಿದ್ದೇವೆ, ಹನ್ನೆರಡೇ ಜನ. ಟೋಪಿ, ಮೂರು ಲೀಟರ್ ನೀರು, ಜಿಪ್ ಕವರು, ಅಳಿಸದ ಮಾರ್ಕರ್, ಒಂದು ನೋಟ್‌ಬುಕ್. ಒಬ್ಬೊಬ್ಬರಿಗೆ ಮೂರು ಕಲ್ಲು ಮಾತ್ರ, ಪ್ರತಿಯೊಂದಕ್ಕೂ ಚೀಟಿ. ಸುತ್ತಿಗೆ ಮನೆಯಲ್ಲೇ ಬಿಟ್ಟು ಬನ್ನಿ.